ಚಾಪೆ ಮೇಲೆ ಎಣಿಸಿದ ದುಡ್ಡು: ಸಣ್ಣ ಸಂಸ್ಥೆಗಳ ಲೆಕ್ಕದ ಬಗ್ಗೆ

ಧಾರವಾಡದಲ್ಲಿ ಸಣ್ಣ ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು ಮತ್ತು ಲೆಕ್ಕ ಬರೆಯುವವರು ಸೇರಿದ್ದ ಒಂದು ತರಬೇತಿಯಲ್ಲಿ ನಾನು ಆಡಿದ ಮಾತುಗಳಿವು. ಅವತ್ತು ಬರಲಾಗದ ಕೆಲವರು ಬರೆದು ಕೊಡಿ ಅಂತ ಕೇಳಿದರು. ಆಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ, ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿ ಇಲ್ಲಿ ಹಾಕಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಂದು ಸ್ವಸಹಾಯ ಸಂಘದ ಸಭೆಯಿಂದ ಶುರು ಮಾಡುತ್ತೇನೆ. ನಿಮ್ಮಲ್ಲಿ ತುಂಬ ಜನ ಇಂಥ ಸಭೆಗಳಲ್ಲಿ ಕೂತು ಬಂದವರೇ. ಸಂಜೆ ಏಳೂವರೆ. ಸಮುದಾಯ ಭವನದ ಜಗಲಿ. ಹದಿನಾಲ್ಕು ಹೆಣ್ಣುಮಕ್ಕಳು ಚಾಪೆ ಹಾಸಿ ದುಂಡಗೆ ಕೂತಿದ್ದಾರೆ. ಮಧ್ಯೆ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆ ಒಬ್ಬರ ಮನೆಯಿಂದ ಬಂತು, ಕೀಲಿ ಇನ್ನೊಬ್ಬರ ಸೆರಗಿನ ತುದಿಯ ಗಂಟಿನಿಂದ ಬಂತು. ಪುಸ್ತಕ ಬರೆಯುವ ಹುಡುಗಿ ಪೆನ್ನು ತೆಗೆದಳು. ಅಷ್ಟರಲ್ಲಿ ಮೂಲೆಯಲ್ಲಿದ್ದ ಒಬ್ಬ ವಯಸ್ಸಾದ ಅಮ್ಮ, ಹೆಬ್ಬೆಟ್ಟು ಒತ್ತುವವರು, ಹೇಳಿದರು: "ತಡಿಯವ್ವ, ಹ್ವಾದ ವಾರ ಎಷ್ಟ ಉಳಿದಿತ್ತು? ಅದನ್ನ ಮೊದಲ ಓದು."

ಹುಡುಗಿ ಓದಿದಳು. ಪೆಟ್ಟಿಗೆ ತೆಗೆದರು. ನೋಟುಗಳನ್ನು ಚಾಪೆಯ ಮೇಲೆ ಹರಡಿ ಎಣಿಸಿದರು. ಪುಸ್ತಕದಲ್ಲಿದ್ದ ಶಿಲ್ಕೂ ಚಾಪೆಯ ಮೇಲಿದ್ದ ದುಡ್ಡೂ ತಾಳೆಯಾಯಿತು. ಆಮೇಲೆ ಆ ವಾರದ ಉಳಿತಾಯ, ಸಾಲದ ಕಂತು, ಬಡ್ಡಿ. ಎಲ್ಲ ಮುಗಿದ ಮೇಲೆ ಮತ್ತೆ ಒಂದು ಸಲ ಗಟ್ಟಿಯಾಗಿ ಓದಿ, ಎಲ್ಲರೂ ಸಹಿ ಹಾಕಿ, ಬೀಗ ಹಾಕಿದರು. ಒಟ್ಟು ನಲವತ್ತು ನಿಮಿಷ.

ಇದನ್ನು ಅವರಿಗೆ ಕಲಿಸಿದ್ದು ನಾವು. ಅಂದರೆ ನಮ್ಮಂಥ ಸಂಸ್ಥೆಗಳು. ಪೆಟ್ಟಿಗೆ ಒಬ್ಬರ ಹತ್ತಿರ, ಕೀಲಿ ಒಬ್ಬರ ಹತ್ತಿರ ಇರಲಿ ಅಂದವರು ನಾವು. ಓದು ಬಾರದವರಿಗೂ ಕೇಳಿಸುವ ಹಾಗೆ ಓದಿ ಅಂದವರೂ ನಾವೇ. ಈಗ ನೀವೇ ಹೇಳಿ, ನಮ್ಮ ಆಫೀಸಿನಲ್ಲಿ ಹೇಗಿದೆ? ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಒಂದೇ ಲ್ಯಾಪ್‌ಟಾಪಿನಲ್ಲಿದೆ. ಪಾಸ್‌ವರ್ಡ್ ಒಬ್ಬರಿಗೇ ಗೊತ್ತು. ಕ್ಯಾಶ್ ಡ್ರಾಯರಿನ ಕೀಲಿಯೂ ಅವರ ಹತ್ತಿರವೇ. ಕ್ಯಾಶ್ ಬುಕ್ ಬರೆಯುವುದು ತಿಂಗಳ ಕೊನೆಗೆ, ಕೆಲವು ಕಡೆ ಆಡಿಟರ್ ಬರುವ ಹಿಂದಿನ ವಾರ. ನಮ್ಮ ಕ್ಷೇತ್ರ ಕಾರ್ಯಕರ್ತರಲ್ಲಿ ಎಷ್ಟು ಜನಕ್ಕೆ ಈ ವರ್ಷ ಸಂಸ್ಥೆಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಗೊತ್ತಿದೆ? ಇವತ್ತು ಸಭೆಯಲ್ಲಿ ಕೈ ಎತ್ತಲು ಹೇಳಿದೆ. ಐವತ್ತು ಜನರಲ್ಲಿ ಆರು ಕೈ ಮೇಲೆ ಬಂದವು.

ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇಷ್ಟೇ. ಸಂಘದ ಚಾಪೆಯ ಮೇಲೆ ಏನು ನಡೆಯುತ್ತದೋ ಅದು ನಮ್ಮ ಆಫೀಸಿನಲ್ಲೂ ನಡೆಯಬೇಕು. ಉಳಿದ ಕಾಯ್ದೆ, ಫಾರಂ, ಸೆಕ್ಷನ್ ಎಲ್ಲ ಅದರ ಹಿಂದೆ ಬರುತ್ತವೆ.

ಈ ಸಂಘಗಳು ಹೇಗೆ ಹುಟ್ಟಿದವು ಅನ್ನುವುದನ್ನೂ ಸ್ವಲ್ಪ ನೆನಪು ಮಾಡಿಕೊಳ್ಳಬೇಕು, ಯಾಕೆಂದರೆ ಅದು ಲೆಕ್ಕದ ಕಥೆಯೇ. ಎಂಬತ್ತರ ದಶಕದ ಮಧ್ಯದಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಕೆಲವು ಒಡೆದುಹೋದವು. ನೂರಾರು ಸದಸ್ಯರು, ಆದರೆ ಹಿಡಿತ ಕೆಲವರ ಕೈಯಲ್ಲಿ. ಸಾಲ ಪಡೆದಿದ್ದ ಬಡವರು ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲವನ್ನು ನಿಮಗೆ ಬೇಕಾದರೆ ಕಟ್ಟುತ್ತೇವೆ, ಆ ಸಂಘಕ್ಕೆ ಕಟ್ಟುವುದಿಲ್ಲ ಅಂದರು. ನಿಮಗೆ ನಿಮ್ಮ ಗುಂಪಿನ ಮೇಲೆ ನಂಬಿಕೆ ಇದ್ದರೆ ಆ ಗುಂಪಿಗೇ ಕಟ್ಟಿ ಅಂತ ಸಂಸ್ಥೆ ಹೇಳಿತು. ಹತ್ತು ಹದಿನೈದು ಇಪ್ಪತ್ತು ಜನರ ಆ ಗುಂಪುಗಳಿಗೆ ಮುಂದೆ ಗ್ರಾಮೀಣ ಅಭಿವೃದ್ಧಿ ಬ್ಯಾಂಕ್ ನಬಾರ್ಡ್‌ನ ಬೆಂಬಲ ಸಿಕ್ಕಿತು, 1992ರಲ್ಲಿ ಗುಂಪುಗಳಿಗೆ ಬ್ಯಾಂಕಿನಿಂದ ಸಾಲ ಸಿಗುವ ಬ್ಯಾಂಕ್ ಜೋಡಣೆಯ ಪ್ರಯೋಗ ಶುರುವಾಯಿತು, ಆಮೇಲೆ ಕರ್ನಾಟಕದಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಒಬ್ಬರ ಮುಖ ಒಬ್ಬರು ನೋಡುತ್ತ ಎಣಿಸುವಷ್ಟು ಸಣ್ಣ ಗುಂಪು ಬೇಕು ಅಂತ ಆ ಜನ ತಾವಾಗಿಯೇ ಕಂಡುಕೊಂಡರು. ದುಡ್ಡು ಕಣ್ಣಿಗೆ ಕಾಣಬೇಕು ಅನ್ನುವುದೇ ಅವರ ಷರತ್ತು.

ಈಗ ನನ್ನದೇ ಒಂದು ಅನುಭವ ಹೇಳುತ್ತೇನೆ. ಹೇಳುವುದು ಸುಲಭ ಅಲ್ಲ, ಆದರೂ ಹೇಳಬೇಕು.

ಇಪ್ಪತ್ತು ವರ್ಷಕ್ಕೂ ಹಿಂದೆ ನಾನು ಒಂದು ಸಂಸ್ಥೆಯಲ್ಲಿ ಸಹಾಯಕ ಅಕೌಂಟೆಂಟ್ ಆಗಿದ್ದೆ. ಹೆಸರು ಬೇಡ. ಅಲ್ಲಿ ಒಬ್ಬ ಅಕ್ಕ ಇದ್ದರು, ಕ್ಷೇತ್ರ ಕಾರ್ಯಕರ್ತೆ. ಹನ್ನೆರಡು ಹಳ್ಳಿ ಅವರ ಪಾಲು. ಬಸ್ ಇಲ್ಲದ ಊರಿಗೆ ನಡೆದು ಹೋಗುತ್ತಿದ್ದರು. ಒಂದು ಸಲ ಮೂರು ದಿನದ ತರಬೇತಿಗೆ ಅಂತ 18,000 ರೂಪಾಯಿ ಅಡ್ವಾನ್ಸ್ ತೆಗೆದುಕೊಂಡರು. ಸಂತೆಯಲ್ಲಿ ತರಕಾರಿ, ಕಟ್ಟಿಗೆ, ಪಾತ್ರೆ ಬಾಡಿಗೆ, ಅಡುಗೆಯವರ ಕೂಲಿ, ಟಂಟಂ ಬಾಡಿಗೆ. ತರಬೇತಿ ಚೆನ್ನಾಗಿ ಆಯಿತು. ಮುಗಿದ ಮರುದಿನವೇ ಅವರು ಬಟ್ಟೆ ಚೀಲದಲ್ಲಿ ಚೀಟಿಗಳನ್ನು ತಂದರು. ಕೆಲವು ಬಿಲ್ಲು, ಜಾಸ್ತಿ ಎಲ್ಲ ಅವರೇ ಪೆನ್ಸಿಲಿನಲ್ಲಿ ಬರೆದುಕೊಂಡ ಚೀಟಿ. ನಮ್ಮ ಅಕೌಂಟೆಂಟ್ "ಇದಕ್ಕೆಲ್ಲ ಬಿಲ್ ಇಲ್ಲ, ಆಮೇಲೆ ನೋಡೋಣ" ಅಂದರು. ಆ ಚೀಟಿಗಳನ್ನು ಇಸ್ಕೊಂಡವಳು ನಾನು. ಒಂದು ಹಳೇ ಮದುವೆ ಕಾರ್ಡಿನ ಕವರಿನಲ್ಲಿ ಹಾಕಿ ಡ್ರಾಯರಿನಲ್ಲಿಟ್ಟೆ.

ಆಮೇಲೆ ಯಾರೂ ನೋಡಲಿಲ್ಲ. ಎಂಟು ತಿಂಗಳ ನಂತರ ಆಡಿಟ್ ಬಂತು. ಅವರ ಹೆಸರಿನಲ್ಲಿ 18,000 ಬಾಕಿ ನಿಂತಿತ್ತು. ಕವರ್ ಸಿಗಲಿಲ್ಲ. ಆಫೀಸು ಮನೆ ಬದಲಾಯಿಸಿದಾಗ ಎಲ್ಲೋ ಹೋಗಿತ್ತು. ಅವರು ತಿಂಗಳಿಗೆ 3,000ದಂತೆ ಆರು ತಿಂಗಳು ಸಂಬಳದಿಂದ ಕಟ್ಟಿದರು. ಅವರ ಸಂಬಳವೇ ಆಗ ಎಷ್ಟಿತ್ತು ಅಂತ ನೀವು ಅಂದಾಜು ಮಾಡಬಹುದು. ದುಡ್ಡು ಹೋಯಿತು, ಅದಕ್ಕಿಂತ ದೊಡ್ಡದು ಊರಿನಲ್ಲಿ ಮಾತು ಹಬ್ಬಿತು, ಆಕೆ ಸಂಸ್ಥೆ ದುಡ್ಡು ತಿಂದಳಂತೆ ಅಂತ. ಆರನೇ ಕಂತು ಕಟ್ಟಿದ ತಿಂಗಳೇ ಕೆಲಸ ಬಿಟ್ಟರು. ಅವರು ಒಂದು ಪೈಸೆ ಮುಟ್ಟಿದವರಲ್ಲ. ಅದು ನನಗೆ ಗೊತ್ತಿತ್ತು, ಆದರೆ ತೋರಿಸಲು ಕಾಗದ ಇರಲಿಲ್ಲ, ಆ ಕಾಗದ ಕಳೆದವರಲ್ಲಿ ನಾನೂ ಒಬ್ಬಳು.

ಅವತ್ತಿನಿಂದ ನಾನು ಒಂದು ಮಾತು ಒಪ್ಪುವುದಿಲ್ಲ. "ನಮ್ಮಲ್ಲಿ ಎಲ್ಲ ನಂಬಿಕೆಯ ಮೇಲೆ ನಡೆಯುತ್ತದೆ" ಅನ್ನುವ ಮಾತು. ಕಾಗದ ಇಲ್ಲದ ಕಡೆ ಕೆಟ್ಟ ಮನುಷ್ಯ ಹೇಗೋ ದಾಟಿಕೊಳ್ಳುತ್ತಾನೆ, ಸಿಕ್ಕಿಬೀಳುವವರು ಒಳ್ಳೆಯವರು. ವೋಚರ್ ಬರೆಯಿರಿ ಅಂತ ನಾನು ಹಟ ಹಿಡಿದರೆ ಅದು ನಿಮ್ಮ ಮೇಲೆ ಅನುಮಾನದಿಂದ ಅಲ್ಲ. ಎಂಟು ತಿಂಗಳ ನಂತರ ನಿಮ್ಮ ಪರವಾಗಿ ಮಾತಾಡುವುದು ಆ ಕಾಗದ ಒಂದೇ.

ಹಾಗಾದರೆ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಬಿಲ್ ಕೊಡುತ್ತಾಳಾ? ಕೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲ. ಇಲ್ಲೇ ನಮ್ಮವರು ದೊಡ್ಡ ತಪ್ಪು ಮಾಡುವುದು. ಬಿಲ್ ಇಲ್ಲ ಅಂದ ತಕ್ಷಣ ಗೊತ್ತಿರುವ ಕಿರಾಣಿ ಅಂಗಡಿಯಿಂದ ಒಂದು ಖಾಲಿ ಬಿಲ್ ತಂದು, 2,350 ಅಂತ ಬರೆದು, ಫೈಲಿಗೆ ಹಾಕುತ್ತಾರೆ. ಖರ್ಚು ನಿಜ, ಬಿಲ್ ಸುಳ್ಳು. ಇದು ಎಷ್ಟು ಸಾಮಾನ್ಯ ಆಗಿಹೋಗಿದೆ ಅಂದರೆ ಮಾಡುವವರಿಗೆ ತಪ್ಪು ಅಂತಲೂ ಅನ್ನಿಸುವುದಿಲ್ಲ. ದಯವಿಟ್ಟು ಇದನ್ನು ಇವತ್ತಿಗೇ ನಿಲ್ಲಿಸಿ. ಒಂದು ಸುಳ್ಳು ಬಿಲ್ ಸಿಕ್ಕರೆ ನಿಮ್ಮ ಉಳಿದ ಸಾವಿರ ನಿಜವಾದ ಬಿಲ್ಲನ್ನೂ ಯಾರೂ ನಂಬುವುದಿಲ್ಲ. ಅದಲ್ಲದೆ ಖಾಲಿ ಬಿಲ್ ತರುವುದನ್ನು ಕಲಿತ ಹುಡುಗ ಮೊದಲ ವರ್ಷ ಸಂಸ್ಥೆಗಾಗಿ ತರುತ್ತಾನೆ, ಮೂರನೇ ವರ್ಷ ತನಗಾಗಿ ತರುತ್ತಾನೆ. ಅದನ್ನು ಕಲಿಸಿಕೊಟ್ಟವರು ನಾವೇ ಆಗಿರುತ್ತೇವೆ.

ಬಿಲ್ ಸಿಗದ ಕಡೆ ಏನು ಮಾಡಬೇಕು? ನಮ್ಮದೇ ವೋಚರ್ ಬರೆಯಬೇಕು, ಅಷ್ಟೇ. ಅದರಲ್ಲಿ ತಾರೀಖು, ಊರು, ಯಾರಿಗೆ ಕೊಟ್ಟದ್ದು, ಯಾವುದಕ್ಕೆ, ಎಷ್ಟು, ಯಾವ ಪ್ರಾಜೆಕ್ಟಿನಿಂದ ಅಂತ ಇರಬೇಕು. ದುಡ್ಡು ಇಸ್ಕೊಂಡವರ ಸಹಿ ಅಥವಾ ಹೆಬ್ಬೆಟ್ಟು ಸಿಕ್ಕರೆ ಬಹಳ ಒಳ್ಳೆಯದು. ಸಿಗದಿದ್ದರೆ ಜೊತೆಯಲ್ಲಿದ್ದ ಇನ್ನೊಬ್ಬರ ಸಹಿ ಇರಲಿ. "ತರಕಾರಿ 640" ಅಂತ ಬರೆದರೆ ಅದು ಏನನ್ನೂ ಹೇಳುವುದಿಲ್ಲ. "ಟೊಮೆಟೊ 6 ಕೆಜಿ, ಈರುಳ್ಳಿ 5 ಕೆಜಿ, ಮೆಂತ್ಯ ಸೊಪ್ಪು 20 ಸಿವುಡು, 42 ಜನರ ಎರಡು ಹೊತ್ತಿನ ಊಟಕ್ಕೆ" ಅಂತ ಬರೆದರೆ ಐದು ವರ್ಷ ಬಿಟ್ಟು ಓದಿದವರಿಗೂ ಅಡುಗೆಮನೆ ಕಣ್ಣಿಗೆ ಬರುತ್ತದೆ. ಜೊತೆಗೆ ಹಾಜರಿ ಪಟ್ಟಿ ಇಡಿ. ಇವತ್ತಿನ ಖರ್ಚಿಗೆ ಇವತ್ತೇ ವೋಚರ್ ಬರೆಯಿರಿ, ಬಸ್ಸಿನಲ್ಲಿ ಕೂತಾದರೂ ಸರಿ. ಅಡ್ವಾನ್ಸ್ ತೆಗೆದುಕೊಂಡರೆ ಕೆಲಸ ಮುಗಿದ ಏಳು ದಿನದೊಳಗೆ ಲೆಕ್ಕ ಕೊಡಬೇಕು. ಹಳೇ ಅಡ್ವಾನ್ಸ್ ಮುಗಿಯದೆ ಹೊಸದು ಇಲ್ಲ, ಕಾರ್ಯದರ್ಶಿಗೂ ಇಲ್ಲ. ಮೊದಲು ಅವರಿಗೇ ಇಲ್ಲ ಅನ್ನಬೇಕು, ಉಳಿದವರು ತಾವಾಗಿಯೇ ಪಾಲಿಸುತ್ತಾರೆ.

ಆಮೇಲೆ ಲೆಕ್ಕ ತಗೊಂಡವರು ತಗೊಂಡೆ ಅಂತ ಬರೆದು ಕೊಡಬೇಕು. ಎಷ್ಟು ಚೀಟಿ, ಒಟ್ಟು ಎಷ್ಟು ರೂಪಾಯಿ, ಯಾವ ತಾರೀಖು, ಸಹಿ. ಆ ಅಕ್ಕನಿಗೆ ನಾನು ಅಂಥ ಒಂದು ತುಂಡು ಕಾಗದ ಕೊಟ್ಟಿದ್ದರೆ ಸಾಕಾಗಿತ್ತು.

ನಗದಿನ ಬಗ್ಗೆ ಕಾಯ್ದೆ ಏನು ಹೇಳುತ್ತದೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಆದಾಯ ತೆರಿಗೆಯವರು ಅದನ್ನು ನೀವು ಉದ್ದೇಶಕ್ಕೆ ಬಳಸಿದ ಖರ್ಚು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. 2,000ಕ್ಕಿಂತ ಜಾಸ್ತಿ ನಗದಾಗಿ ದಾನ ಕೊಟ್ಟವರಿಗೆ 80ಜಿ ಸೆಕ್ಷನ್ನಿನ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಸಂಸ್ಥೆ ಕಷ್ಟದಲ್ಲಿದೆ ಅಂತ ಅಧ್ಯಕ್ಷರು ತಮ್ಮ ಜೇಬಿನಿಂದ ಸಾಲ ಕೊಡುತ್ತಾರಲ್ಲ, ಅದೂ 20,000 ಮುಟ್ಟಿದರೆ ನಗದಾಗಿ ತೆಗೆದುಕೊಳ್ಳುವ ಹಾಗಿಲ್ಲ, ಬ್ಯಾಂಕಿನ ಮೂಲಕವೇ ಬರಬೇಕು. ಎಷ್ಟೋ ಒಳ್ಳೆಯ ಅಧ್ಯಕ್ಷರು ಇದು ಗೊತ್ತಿಲ್ಲದೆ ಹೆಂಡತಿಯ ಬಂಗಾರ ಅಡ ಇಟ್ಟು ಸಂಬಳ ಕೊಟ್ಟಿದ್ದಾರೆ. ಪುಸ್ತಕಗಳನ್ನು, ಅವುಗಳ ದಾಖಲೆಗಳನ್ನು ಹತ್ತು ವರ್ಷ ಇಡಬೇಕು. ಗೆದ್ದಲು ಹತ್ತದ ಕಡೆ ಇಡಿ, ಸ್ಕ್ಯಾನ್ ಮಾಡಿ ಇಡಿ. ಥರ್ಮಲ್ ಕಾಗದದ ಬಿಲ್ ಬೇಗ ಅಳಿಸಿಹೋಗುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ ಜೊತೆಗೆ ಪಿನ್ ಹಾಕಿ.

ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸುವ 12ಎ ಮತ್ತು ದಾನಿಗಳಿಗೆ ರಿಯಾಯಿತಿ ಕೊಡಿಸುವ 80ಜಿ ನೋಂದಣಿ ಒಂದು ಸಲ ಮಾಡಿಸಿದರೆ ಜೀವಮಾನಕ್ಕೆ ಆಯಿತು ಅಂತ ಇನ್ನೂ ಕೆಲವರು ಅಂದುಕೊಂಡಿದ್ದಾರೆ. 2021ರ ಏಪ್ರಿಲ್‌ನಿಂದ ಹಾಗಿಲ್ಲ, ಐದು ವರ್ಷಕ್ಕೊಮ್ಮೆ ನವೀಕರಣ ಬೇಕಾಯಿತು. ಸಣ್ಣ ಸಂಸ್ಥೆಗಳಿಗೆ 12ಎಬಿ (12ಎ ಜಾಗಕ್ಕೆ ಬಂದ ನೋಂದಣಿ) ಅವಧಿಯನ್ನು ಹತ್ತು ವರ್ಷ ಮಾಡುವ ತಿದ್ದುಪಡಿ 2025ರಲ್ಲಿ ಬಂತು. ಅದೇ ವರ್ಷ ಹೊಸ ಆದಾಯ ತೆರಿಗೆ ಕಾಯ್ದೆಯೂ ಪಾಸಾಗಿ ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ, ನಾನು ಹೇಳುತ್ತಿರುವುದು ನಮ್ಮ ಬಾಯಿಗೆ ಬಂದಿರುವ ಹಳೇ 1961ರ ಕಾಯ್ದೆಯ ಹೆಸರುಗಳು. ವರ್ಷದ ಆದಾಯದಲ್ಲಿ ಕನಿಷ್ಠ 85% ಉದ್ದೇಶಕ್ಕೆ ಖರ್ಚಾಗಬೇಕು, ಆಗದಿದ್ದರೆ ಯಾಕೆ, ಯಾವುದಕ್ಕೆ ತೆಗೆದಿಡುತ್ತೀರಿ ಅಂತ ಮೊದಲೇ ಫಾರಂ ಹಾಕಿ ತಿಳಿಸಬೇಕು. ಇಷ್ಟಕ್ಕೆ ಒಬ್ಬ ಒಳ್ಳೆಯ ಸಿ.ಎ. ಸಾಕು. ಅವರ ಕೆಲಸವನ್ನು ನಾನು ಮಾಡುವುದಿಲ್ಲ.

ಸಿ.ಎ. ಮಾಡಲಾಗದ ಕೆಲಸ ಒಂದಿದೆ. ಅದರ ಬಗ್ಗೆ ಜಾಸ್ತಿ ಮಾತಾಡಬೇಕು. ಒಂದು ಪ್ರಾಜೆಕ್ಟಿನ ದುಡ್ಡನ್ನು ಇನ್ನೊಂದಕ್ಕೆ ಬಳಸುವುದು.

ನಾನು ನೋಡಿದ ಮಟ್ಟಿಗೆ ಸಣ್ಣ ಸಂಸ್ಥೆಗಳು ಮುಳುಗುವುದು ಕಳ್ಳತನದಿಂದಲ್ಲ. ಇದರಿಂದ. ಹೀಗೆ ಆಗುತ್ತದೆ: ಅಂಗವಿಕಲ ಮಕ್ಕಳ ಕೇಂದ್ರಕ್ಕೆ ಸರ್ಕಾರದ ಅನುದಾನ ಬರಬೇಕು. ಏಪ್ರಿಲ್‌ನಲ್ಲಿ ಬರಬೇಕಾದದ್ದು ಡಿಸೆಂಬರ್ ಆದರೂ ಬಂದಿಲ್ಲ. ಶಿಕ್ಷಕಿಯರಿಗೆ ಸಂಬಳ ಕೊಡಬೇಕು. ಮಕ್ಕಳಿಗೆ ಊಟ ನಿಲ್ಲಿಸಲು ಆಗುವುದಿಲ್ಲ. ಅತ್ತ ಕೆರೆ ಕೆಲಸಕ್ಕೆ ಅಂತ ಒಂದು ಕಂಪನಿಯ ದುಡ್ಡು ಖಾತೆಯಲ್ಲಿ ಬಿದ್ದಿದೆ. ಕಾರ್ಯದರ್ಶಿ ಅಲ್ಲಿಂದ ತೆಗೆದು ಇಲ್ಲಿ ಕೊಡುತ್ತಾರೆ. ಅನುದಾನ ಬಂದ ಮೇಲೆ ವಾಪಸ್ ಹಾಕಿದರಾಯಿತು ಅಂತ. ಅನುದಾನ ಮಾರ್ಚ್ ಕೊನೆಗೆ ಅರ್ಧ ಬರುತ್ತದೆ. ಅಷ್ಟರಲ್ಲಿ ಕೆರೆಯ ವರದಿ ಕೊಡುವ ಹೊತ್ತು. ಕೆರೆಯ ಕೆಲಸ ಆಗಿಲ್ಲ, ದುಡ್ಡೂ ಇಲ್ಲ, ಹಣ ಬಳಕೆ ಪ್ರಮಾಣಪತ್ರದಲ್ಲಿ ಆಯಿತು ಅಂತ ಬರೆಯುತ್ತಾರೆ. ಒಂದು ಕರುಣೆಯ ಕೆಲಸ ಮೂರು ಹೆಜ್ಜೆಯಲ್ಲಿ ಸುಳ್ಳು ದಾಖಲೆಯಾಗಿ ನಿಂತಿತು. ಆ ಕಾರ್ಯದರ್ಶಿ ಕಳ್ಳರಲ್ಲ. ಕಾಯ್ದೆಗೆ ಅದು ಗೊತ್ತಾಗುವುದಿಲ್ಲ.

ಇದಕ್ಕೆ ನನ್ನ ಹತ್ತಿರ ಇರುವ ಉತ್ತರ ಸರಳ, ಪಾಲಿಸುವುದು ಕಷ್ಟ. ಮೊದಲನೆಯದು, ಸಂಸ್ಥೆಗೆ ತನ್ನದೇ ಅಂತ ಸ್ವಲ್ಪ ದುಡ್ಡು ಇರಬೇಕು, ಯಾವ ಪ್ರಾಜೆಕ್ಟಿಗೂ ಸೇರದ್ದು. ಊರಿನ ನೂರು ಜನ ವರ್ಷಕ್ಕೆ ಐನೂರು ಕೊಟ್ಟರೂ ಐವತ್ತು ಸಾವಿರ. ಮೂರು ತಿಂಗಳ ಸಂಬಳದಷ್ಟು ಕೂಡುವವರೆಗೆ ಅದನ್ನು ಮುಟ್ಟಬೇಡಿ. ಎರಡನೆಯದು, ತೀರಾ ಅನಿವಾರ್ಯ ಆದಾಗ ದುಡ್ಡು ಕೊಟ್ಟವರನ್ನೇ ಕೇಳಿ. ಒಂದು ಇಮೇಲ್ ಹಾಕಿ, ಅನುದಾನ ತಡ ಆಗಿದೆ, ನಿಮ್ಮ ದುಡ್ಡಿನಿಂದ ಇಷ್ಟು, ಇಷ್ಟು ದಿನಕ್ಕೆ ಬಳಸಲು ಒಪ್ಪಿಗೆ ಇದೆಯಾ ಅಂತ. ಆಗಲ್ಲ ಅಂದರೆ ಮುಟ್ಟಬೇಡಿ. ಆಗಲಿ ಅಂದರೆ ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ, ಎರಡೂ ಪ್ರಾಜೆಕ್ಟಿನ ಪುಸ್ತಕದಲ್ಲಿ ಕೊಟ್ಟದ್ದು, ತಗೊಂಡದ್ದು ಕಾಣುವ ಹಾಗೆ ಬರೆಯಿರಿ. ಮುಚ್ಚಿಟ್ಟರೆ ತಪ್ಪು, ಬರೆದಿಟ್ಟರೆ ಕೈಸಾಲ. ಮೂರನೆಯದು, ವಿದೇಶದಿಂದ ಬಂದ ದುಡ್ಡಿಗೆ ಇದು ಯಾವುದೂ ಅನ್ವಯ ಆಗುವುದಿಲ್ಲ. ಅದನ್ನು ಬೇರೆ ದುಡ್ಡಿನ ಜೊತೆ ಬೆರೆಸಲೇಬಾರದು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಆ ದುಡ್ಡು ಮೊದಲು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕು, ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವ ಹಾಗಿಲ್ಲ, ಆಡಳಿತ ವೆಚ್ಚದ ಮಿತಿ 50%ರಿಂದ 20%ಕ್ಕೆ ಇಳಿದಿದೆ. ದೊಡ್ಡ ಸಂಸ್ಥೆಯ ಮೂಲಕ ದುಡ್ಡು ಪಡೆದು ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಎಷ್ಟೋ ಸಣ್ಣ ಸಂಸ್ಥೆಗಳಿಗೆ ಆ ಒಂದು ತಿದ್ದುಪಡಿಯಿಂದ ಬಾಗಿಲು ಮುಚ್ಚಿತು. ಹಂಚಲು ಪೂರ್ತಿ ತಡೆ ಹಾಕಿದ್ದು ನನ್ನ ಪ್ರಕಾರ ಸರಿಯಲ್ಲ. ಆದರೆ ಕಾಯ್ದೆ ಇರುವವರೆಗೆ ಪಾಲಿಸಲೇಬೇಕು.

ಉಳಿದ ದುಡ್ಡಿನ ವಿಷಯವೂ ಇಲ್ಲೇ ಬರುತ್ತದೆ. ಮಾರ್ಚ್ 31 ಹತ್ತಿರ ಬಂದಂತೆ ಎಲ್ಲರಿಗೂ ಗಡಿಬಿಡಿ, ಹೇಗಾದರೂ ಖರ್ಚು ತೋರಿಸಬೇಕು ಅಂತ. ಬೇಡದ ಬ್ಯಾನರ್, ಬೇಡದ ಬ್ಯಾಗು, ಬೇಡದ ಕಾರ್ಯಾಗಾರ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಗಂಡ ದಿನಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ಆಕೆ ಒಲೆ ಹಚ್ಚಲಿಲ್ಲ, ಹೆಚ್ಚಿನದನ್ನು ತಂದ ಕಡೆಗೇ ಸುರಿದು ಬಾ ಅಂದಳು. ಉಳಿದ ಅನುದಾನಕ್ಕೆ ಇದಕ್ಕಿಂತ ಒಳ್ಳೆಯ ನಿಯಮ ನನಗೆ ಗೊತ್ತಿಲ್ಲ. ಉಳಿದಿದೆ ಅಂತ ಹೇಳಿ, ಮುಂದಿನ ವರ್ಷಕ್ಕೆ ಬಳಸಬಹುದಾ ಕೇಳಿ, ಇಲ್ಲ ಅಂದರೆ ವಾಪಸ್ ಕೊಡಿ. ಕೇಂದ್ರ ಸರ್ಕಾರದ ಅನುದಾನದ ಮೇಲೆ ಬ್ಯಾಂಕಿನಲ್ಲಿ ಬಡ್ಡಿ ಬಂದಿದ್ದರೆ ಅದೂ ಸರ್ಕಾರದ್ದೇ.

ಈಗ ದುಡ್ಡು ಕೊಡುವವರ ಕಡೆಗೂ ತಿರುಗಿ ಒಂದು ಮಾತು ಹೇಳಬೇಕು, ಇವತ್ತು ಅವರಲ್ಲೂ ಒಂದಿಬ್ಬರು ಇಲ್ಲಿದ್ದಾರೆ. ಲೆಕ್ಕ ಸರಿ ಇರಬೇಕು ಅನ್ನುತ್ತೀರಿ. ಲೆಕ್ಕ ಬರೆಯುವವರ ಸಂಬಳಕ್ಕೆ ದುಡ್ಡು ಕೊಡುವುದಿಲ್ಲ ಅನ್ನುತ್ತೀರಿ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಪಟ್ಟಿಯಲ್ಲಿ ಅಕೌಂಟೆಂಟ್ ಅಂತ ಕಂಡ ತಕ್ಷಣ ಪೆನ್ನು ಎಳೆದು ಹೊಡೆದು ಹಾಕುತ್ತೀರಿ. ಸಿಎಸ್‌ಆರ್‌ನಲ್ಲಿ, ಅಂದರೆ ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡಬೇಕಾದ ದುಡ್ಡಿನಲ್ಲಿ, ಆಡಳಿತಕ್ಕೆ 5% ಮಾತ್ರ ಅಂತ ಹೇಳಿ ಸಂಸ್ಥೆಗಳ ಬಾಯಿ ಮುಚ್ಚಿಸುವುದನ್ನು ನಾನು ಎಷ್ಟೋ ಸಭೆಯಲ್ಲಿ ನೋಡಿದ್ದೇನೆ. ಆ 5% ಮಿತಿ ಇರುವುದು ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ, ಕೆಲಸ ಮಾಡುವ ಸಂಸ್ಥೆಯ ವೆಚ್ಚಕ್ಕಲ್ಲ. ಲೆಕ್ಕ ಬರೆಯುವ ಹುಡುಗಿಗೆ ತಿಂಗಳಿಗೆ ಎಂಟು ಸಾವಿರ ಕೊಟ್ಟು, ಆರು ಪ್ರಾಜೆಕ್ಟಿನ ಪುಸ್ತಕ ಕೊಟ್ಟು, ವರದಿ ತಪ್ಪಾಯಿತು ಅಂತ ಅವಳನ್ನು ಬೈಯುವುದು ನ್ಯಾಯ ಅಲ್ಲ. ಸಂಸ್ಥೆಗಳೂ ಇದನ್ನು ಕೇಳಿ ಪಡೆಯಬೇಕು. ಆಡಳಿತ ವೆಚ್ಚ ಸೊನ್ನೆ ಅಂತ ಹೆಮ್ಮೆಯಿಂದ ಹಾಕಿಕೊಳ್ಳಬೇಡಿ. ಸೊನ್ನೆ ಆಗಲು ಸಾಧ್ಯವೇ ಇಲ್ಲ, ಎಲ್ಲೋ ಅಡಗಿಸಿದ್ದೀರಿ ಅಂತ ಅರ್ಥ.

ಆಡಳಿತ ಮಂಡಳಿಯ ಬಗ್ಗೆ ಸ್ವಲ್ಪ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಆಗಬೇಕು, ಆಡಿಟ್ ಆದ ಲೆಕ್ಕ, ಪದಾಧಿಕಾರಿಗಳ ಪಟ್ಟಿ ನೋಂದಣಾಧಿಕಾರಿಗಳಿಗೆ ಹೋಗಬೇಕು. ಕೆಲವರು ಏಳೆಂಟು ವರ್ಷ ಕಳಿಸದೆ ಆಮೇಲೆ ಎಲ್ಲ ಒಟ್ಟಿಗೆ ದಂಡ ಕಟ್ಟಿ ಕಳಿಸುತ್ತಾರೆ. ಇದು ನಮ್ಮೊಬ್ಬರ ರೋಗ ಅಲ್ಲ. ಸ್ವಯಂಸೇವಾ ಸಂಸ್ಥೆಗಳ ಲೆಕ್ಕದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ನಡೆದ ಒಂದು ಪ್ರಕರಣದಲ್ಲಿ 2015ರಲ್ಲಿ ಸಿಬಿಐ ಮಾಹಿತಿ ಕೊಟ್ಟಿತು. ಇಪ್ಪತ್ತು ರಾಜ್ಯಗಳ ಸುಮಾರು 22 ಲಕ್ಷ ಸಂಸ್ಥೆಗಳಲ್ಲಿ ಲೆಕ್ಕ ಸಲ್ಲಿಸಿದ್ದವು ಸುಮಾರು 2.23 ಲಕ್ಷ. ಹತ್ತಕ್ಕೆ ಒಂದು. ಇದನ್ನು ಓದಿದ ಸಾಮಾನ್ಯ ಮನುಷ್ಯ ನಮ್ಮ ಬಗ್ಗೆ ಏನು ಅಂದುಕೊಳ್ಳಬೇಕು?

ಮಂಡಳಿಯಲ್ಲಿ ಗಂಡ ಅಧ್ಯಕ್ಷ, ಹೆಂಡತಿ ಕಾರ್ಯದರ್ಶಿ, ಭಾವಮೈದುನ ಖಜಾಂಚಿ ಇದ್ದರೆ ಅಲ್ಲಿ ಪ್ರಶ್ನೆ ಕೇಳುವವರು ಯಾರು? ನಡಾವಳಿ ಪುಸ್ತಕವನ್ನು ಮನೆ ಮನೆಗೆ ಕಳಿಸಿ ಸಹಿ ಹಾಕಿಸಿಕೊಂಡು ಬಂದರೆ ಅದು ಸಭೆ ಅಲ್ಲ. ಚೆಕ್ಕಿಗೆ ಎರಡು ಸಹಿ ಬೇಕು ಅಂತ ನಿಯಮ ಮಾಡಿ, ಎರಡನೆಯವರು ಊರಿಗೆ ಹೋಗುವಾಗ ಇಪ್ಪತ್ತು ಖಾಲಿ ಚೆಕ್ಕಿಗೆ ಸಹಿ ಹಾಕಿ ಹೋದರೆ ಆ ನಿಯಮ ಇದ್ದೂ ಇಲ್ಲ. ಈಗ ನೆಟ್ ಬ್ಯಾಂಕಿಂಗ್‌ನಲ್ಲೂ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಒಪ್ಪುವ ವ್ಯವಸ್ಥೆ ಇದೆ. ಇಬ್ಬರ ಪಾಸ್‌ವರ್ಡನ್ನೂ ಒಂದೇ ಡೈರಿಯಲ್ಲಿ ಬರೆದಿಡಬೇಡಿ. ಕಾರ್ಯದರ್ಶಿಯ ಮನೆಯನ್ನೇ ಆಫೀಸಿಗೆ ಬಾಡಿಗೆಗೆ ತಗೊಂಡಿದ್ದರೆ ಅದು ಊರಿನ ದರಕ್ಕಿಂತ ಜಾಸ್ತಿ ಇರಬಾರದು, ಅದನ್ನು ಸಭೆಯಲ್ಲಿ ಅವರಿಲ್ಲದಾಗ ತೀರ್ಮಾನಿಸಬೇಕು, ಆಡಿಟರಿಗೆ ತಿಳಿಸಬೇಕು.

ಇನ್ನು ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ.

ನಾವು ಲೆಕ್ಕ ಕೊಡುವುದು ಮೇಲಕ್ಕೆ. ದಾನಿಗೆ, ಇಲಾಖೆಗೆ, ಆಡಿಟರಿಗೆ. ಯಾರ ಹೆಸರು ಹೇಳಿ ದುಡ್ಡು ತಂದೆವೋ ಅವರಿಗೆ ಕೊಡುವುದಿಲ್ಲ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಅನ್ನುವ ಊರಿನಲ್ಲಿ ಮೊದಲ ಜನಸುನ್ವಾಯಿ, ಅಂದರೆ ಬಹಿರಂಗ ಅಹವಾಲು ಸಭೆ, ಮಾಡಿದರು. ಪಂಚಾಯಿತಿ ಕೆಲಸದ ಬಿಲ್ಲು, ಮಸ್ಟರ್ ರೋಲ್‌ಗಳನ್ನು (ಕೂಲಿಯವರ ಹಾಜರಿ ಪಟ್ಟಿ) ಊರ ಜನರ ಮುಂದೆ ಗಟ್ಟಿಯಾಗಿ ಓದಿದರು. ನಮ್ಮ ದುಡ್ಡು, ನಮ್ಮ ಲೆಕ್ಕ ಅನ್ನುವುದು ಅವರ ಘೋಷಣೆ. ಅದು ಬೆಳೆದು ಮಾಹಿತಿ ಹಕ್ಕು ಕಾಯ್ದೆಗೆ ಒಂದು ಬೇರಾಯಿತು. ಇವತ್ತು ನಾವು ಪಂಚಾಯಿತಿಗೆ ಹೋಗಿ ಉದ್ಯೋಗ ಖಾತ್ರಿಯ ಲೆಕ್ಕ ಕೇಳುತ್ತೇವೆ, ಸಾಮಾಜಿಕ ಪರಿಶೋಧನೆ ಮಾಡಿ ಅನ್ನುತ್ತೇವೆ. ಅದೇ ಊರಿನವರು ನಮ್ಮ ಲೆಕ್ಕ ಕೇಳಿದರೆ? ಸರ್ಕಾರದಿಂದ ದೊಡ್ಡ ಪ್ರಮಾಣದಲ್ಲಿ ಹಣ ಪಡೆಯುವ ಸಂಸ್ಥೆಗಳೂ ಮಾಹಿತಿ ಹಕ್ಕಿನ ಅಡಿ ಬರುತ್ತವೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿಯಾಗಿದೆ. ಅರ್ಜಿ ಬರುವವರೆಗೆ ಯಾಕೆ ಕಾಯಬೇಕು?

ಒಂದು ಊರಿನಲ್ಲಿ ನಾವು ಇದನ್ನು ಮಾಡಿ ನೋಡಿದೆವು. ಶಾಲೆಯ ಕಾಂಪೌಂಡ್ ಗೋಡೆಗೆ ಸುಣ್ಣ ಬಳಿದು, ನೀಲಿ ಬಣ್ಣದಲ್ಲಿ ಆ ಊರಿಗೆ ಸಂಬಂಧಿಸಿದ ಖರ್ಚನ್ನು ದೊಡ್ಡ ಅಕ್ಷರದಲ್ಲಿ ಬರೆಸಿದೆವು. ಎಂಟೇ ಸಾಲು. ಒಂದು ಸಾಲು ಹೀಗಿತ್ತು: ತರಬೇತಿ ಊಟ, 60 ಜನ, 3 ದಿನ, ದಿನಕ್ಕೆ 80 ರೂ., ಒಟ್ಟು 14,400. ಸಂಜೆ ಸಭೆ ಸೇರಿಸಿ ಓದಿದೆವು. ಒಬ್ಬ ಅಮ್ಮ ಎದ್ದು ನಿಂತರು. "ಅರವತ್ತ ಮಂದಿ ಎಲ್ಲಿದ್ರು? ಬಡಸಿದಾಕಿ ನಾನು. ನಲವತ್ತೆರಡ ತಾಟು."

ಸಭೆ ಸುಮ್ಮನಾಯಿತು. ನಮ್ಮ ಸಂಯೋಜಕನ ಮುಖ ಬಾಡಿತು. ನಾನು ಅಲ್ಲೇ ಫೈಲ್ ತರಿಸಿದೆ. ಹಾಜರಿ ಪಟ್ಟಿಯಲ್ಲಿ 42 ಸಹಿ. ಊಟದವರು ಮಾತ್ರ ಮೊದಲು ಹೇಳಿದ್ದ 60ರ ಲೆಕ್ಕಕ್ಕೇ ಬಿಲ್ ಕೊಟ್ಟಿದ್ದರು, ನಮ್ಮವರು ಪಟ್ಟಿ ತಾಳೆ ನೋಡದೆ ಪಾಸ್ ಮಾಡಿದ್ದರು. 4,320 ರೂಪಾಯಿ ಜಾಸ್ತಿ ಹೋಗಿತ್ತು. ಬಿಲ್ಲು, ವೋಚರ್, ಸಹಿ ಎಲ್ಲ ಸರಿ ಇತ್ತು, ಆಡಿಟರ್ ಟಿಕ್ ಹಾಕಿ ಹೋಗಿದ್ದರು. ಹಿಡಿದದ್ದು ತಾಟು ಎಣಿಸಿದ ಅಮ್ಮ. ಊಟದವರು ಮುಂದಿನ ತರಬೇತಿಯ ಬಿಲ್ಲಿನಲ್ಲಿ ಅಷ್ಟು ಮುರಿದುಕೊಂಡರು, ನಾವು ಅದನ್ನೂ ಅದೇ ಗೋಡೆಯ ಮೇಲೆ ಒಂಬತ್ತನೇ ಸಾಲಾಗಿ ಬರೆಸಿದೆವು. ಆ ಊರಿನಲ್ಲಿ ನಮ್ಮ ಬಗ್ಗೆ ಮಾತು ಹಗುರ ಆಗುತ್ತದೆ ಅಂತ ನನಗೆ ಭಯ ಇತ್ತು. ಆದದ್ದು ಬೇರೆ. ಮುಂದಿನ ತರಬೇತಿಗೆ ಆ ಹೆಣ್ಣುಮಕ್ಕಳೇ ಮನೆಯಿಂದ ರೊಟ್ಟಿ ತಂದರು, ಪಲ್ಯಕ್ಕಷ್ಟೇ ದುಡ್ಡು ಕೊಡಿ ಅಂದರು.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು ಕೇಳಿದರು, ಸಂಬಳವನ್ನೂ ಗೋಡೆಗೆ ಬರೆಯಬೇಕಾ ಅಂತ. ಒಬ್ಬೊಬ್ಬರ ಹೆಸರು ಹಾಕಿ ಬೇಡ, ಆದರೆ ಎಷ್ಟು ಜನಕ್ಕೆ ಒಟ್ಟು ಎಷ್ಟು ಸಂಬಳ ಅಂತ ಬರೆಯಲೇಬೇಕು. ಸಂಬಳ ಕೊಡುವುದು ನಾಚಿಕೆಯ ವಿಷಯ ಅಲ್ಲ. ಇನ್ನೊಬ್ಬರು, ಅಧಿಕಾರಿಗಳು ಅನುದಾನ ಬಿಡುಗಡೆಗೆ ಪರ್ಸೆಂಟೇಜ್ ಕೇಳಿದರೆ ಅದನ್ನು ಯಾವ ಖಾತೆಗೆ ಬರೆಯಬೇಕು ಅಂದರು. ಸಭೆಯಲ್ಲಿ ಇದ್ದವರೆಲ್ಲ ನನ್ನ ಮುಖ ನೋಡಿದರು. ಯಾವ ಖಾತೆಗೂ ಬರೆಯಲು ಆಗುವುದಿಲ್ಲ, ಅದಕ್ಕೇ ಕೊಡಬಾರದು ಅಂದೆ. ಕೊಡದಿದ್ದರೆ ಮಕ್ಕಳ ಕೇಂದ್ರ ಮುಚ್ಚುತ್ತದೆ ಮೇಡಂ ಅಂದರು. ಅವರ ಮಾತಿನಲ್ಲಿ ನೋವು ಇತ್ತು. ಒಬ್ಬೊಬ್ಬರೇ ಹೋದಾಗ ಕೇಳುತ್ತಾರೆ, ತಾಲೂಕಿನ ಹತ್ತು ಸಂಸ್ಥೆ ಒಟ್ಟಿಗೆ, ಬರಹದಲ್ಲಿ ಅರ್ಜಿ ಹಿಡಿದು ಹೋದರೆ ಕೇಳುವುದು ಕಷ್ಟ. ಅದಕ್ಕಾದರೂ ನಾವು ಒಂದಾಗಬೇಕು ಅಂದೆ. ಇದಕ್ಕಿಂತ ಸುಲಭದ ಉತ್ತರ ನನ್ನ ಹತ್ತಿರ ಇರಲಿಲ್ಲ.

ಎಲ್ಲ ಮುಗಿದು ಊಟಕ್ಕೆ ಏಳುವಾಗ ಒಬ್ಬ ಹುಡುಗಿ ಹತ್ತಿರ ಬಂದಳು. ಸೇರಿ ನಾಲ್ಕು ತಿಂಗಳಾಗಿದೆಯಂತೆ. ಹಿಂದಿನವರು ಕೆಲಸ ಬಿಟ್ಟು ಹೋಗಿದ್ದಾರೆ, ಮೂರು ವರ್ಷದ ವೋಚರ್ ಅರ್ಧಂಬರ್ಧ ಇದೆ, ಎಲ್ಲಿಂದ ಶುರು ಮಾಡಲಿ ಅಂತ ಗೊತ್ತಾಗುತ್ತಿಲ್ಲ ಅಂದಳು. ಕಣ್ಣಲ್ಲಿ ನೀರಿತ್ತು. ಹಿಂದಿನ ಮೂರು ವರ್ಷ ಆಮೇಲೆ ನೋಡೋಣ, ನಾಳೆ ಆಫೀಸಿಗೆ ಹೋಗಿ ಡ್ರಾಯರಿನಲ್ಲಿರುವ ದುಡ್ಡನ್ನು ಇನ್ನೊಬ್ಬರನ್ನು ಕೂರಿಸಿಕೊಂಡು ಎಣಿಸು, ಪುಸ್ತಕದ ಶಿಲ್ಕಿನ ಪಕ್ಕ ಬರೆ, ಇಬ್ಬರೂ ಸಹಿ ಹಾಕಿ ಅಂದೆ.

ಮರುದಿನ ಮಧ್ಯಾಹ್ನ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಗೆರೆ ಹಾಕಿದ ಹಾಳೆ. 500ರ ನೋಟು 3, 200ರದ್ದು 2, 100ರದ್ದು 7, 50ರದ್ದು 4, 20ರದ್ದು 6, 10ರದ್ದು 11, ಚಿಲ್ಲರೆ 23. ಒಟ್ಟು 3,053. ಪುಸ್ತಕದಲ್ಲಿ 3,393. ಕೆಳಗೆ ಅವಳ ಸಹಿ, ಪಕ್ಕದಲ್ಲಿ ಅಡುಗೆ ಅಮ್ಮನ ಸಹಿ. ಅದರ ಕೆಳಗೆ ಒಂದು ಸಾಲು: "340 ರೂಪಾಯಿ ಕಡಿಮೆ ಇದೆ. ಯಾಕೆ ಅಂತ ಗೊತ್ತಾಗಲಿಲ್ಲ."